ಟು-ಇನ್-ಒನ್ನೋ, ಬೂಮ್‌ಬಾಕ್ಸೋ? ಬಸ್ ಸ್ಟ್ಯಾಂಡ್ ಗಲ್ಲಿಯಲ್ಲೊಂದು ಪಂಚಾತಿಕೆ

(ನಮ್ಮ ವರದಿಗಾರರಿಂದ)

ಕುಂದಾಪುರ: ವಸ್ತು ಒಂದೇ ಆದರೂ ಹೆಸರು ಎರಡಾದರೆ ರೇಟೂ ಎರಡಾಗುತ್ತದೆ. ಇದನ್ನು ನಮ್ಮ ವ್ಯಾಪಾರಸ್ಥ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಬರೀ ಬಾಳೆಹಣ್ಣು ಎಂದರೆ ಒಂದು ರೇಟು, ನಂಜನಗೂಡು ರಸಬಾಳೆ ಎಂದರೆ ಇನ್ನೊಂದು ರೇಟು.

ಮೊನ್ನೆ ಶನಿವಾರ ಸಂಜೆ ಇಲ್ಲಿನ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಇಂಥದೇ ಒಂದು ಪಂಚಾತಿಕೆ ನಡೆಯಿತು. ಮೇಜಿನ ಮೇಲೆ ಕೂತಿದ್ದದ್ದು ಒಂದು ಹಳೇ ಜಪಾನ್ ಸೆಟ್ಟು. ಅದು ಟು-ಇನ್-ಒನ್ ಆದರೆ ಮೂರು ಸಾವಿರ ರೂಪಾಯಿ. ಬೂಮ್‌ಬಾಕ್ಸ್ ಆದರೆ ಹತ್ತು ಸಾವಿರ. ಹೆಸರಿನ ಬೆಲೆ ಏಳು ಸಾವಿರ!

ಸೆಟ್ಟು ಬೈಂದೂರು ಕಡೆಯ ಒಬ್ಬರು ಹಿರಿಯ ಹೆಂಗಸಿನದು. ಯಜಮಾನರು ದುಬೈಯಲ್ಲಿ ಕೆಲಸಕ್ಕಿದ್ದರು. 1984ರಲ್ಲಿ ರಜೆಗೆ ಬರುವಾಗ ತಂದದ್ದು. ಆಗ ಮಂಗಳೂರಿಗೆ ನೇರ ವಿಮಾನ ಎಲ್ಲಿಯದು? ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸಿನವರ ಕಣ್ಣು ದಾಟಿ, ರಾತ್ರಿಯಿಡೀ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಿದ್ದರಂತೆ. ಯಜಮಾನರು ಈಗಿಲ್ಲ. ಮಗ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದಾನೆ. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂತು. ಗುಜರಿಯವನು ಇನ್ನೂರು ರೂಪಾಯಿ ಅಂದ. ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ ಫೋಟೋ ಹಾಕಿದ್ದೇ ತಡ, ಬೆಂಗಳೂರಿನಿಂದ ಒಬ್ಬ ಯುವಕ ಹುಡುಕಿಕೊಂಡು ಬಂದೇಬಿಟ್ಟ.

"ಮೂರು ಸಾವಿರ ಕೊಡ್ತೀನಿ ಆಂಟಿ. ನಿಜವಾದ ಬೂಮ್‌ಬಾಕ್ಸ್ ಆಗಿದ್ರೆ ಕಣ್ಣು ಮುಚ್ಚಿ ಹತ್ತು ಕೊಡ್ತಿದ್ದೆ. ಇದು ಬರೀ ಟು-ಇನ್-ಒನ್."

ರಿಪೇರಿಯ ಆಚಾರ್ರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದ್ರೆ ನಿಜವಾದ ಬೂಮ್‌ಬಾಕ್ಸ್ ಅಂದ್ರೆ ಎಂತ ಮಾರಾಯಾ? ಒಮ್ಮೆ ಹೇಳು ನೋಡುವ."

ಅಲ್ಲಿಂದ ಶುರುವಾಯಿತು.

ಹೆಸರಿಟ್ಟದ್ದು ಬೀದಿಯವರು

ಮೊದಲು ಒಂದು ಮಾತು ತಿಳಿದಿರಲಿ. ಈ ಸೆಟ್ಟುಗಳು ಹೊಸದಾಗಿ ಮಾರುಕಟ್ಟೆಗೆ ಬಂದಾಗ ಬೂಮ್‌ಬಾಕ್ಸ್ ಎಂಬ ಹೆಸರು ಯಾವ ಡಬ್ಬದ ಮೇಲೂ ಇರಲಿಲ್ಲ. ಇದ್ದದ್ದು 'ರೇಡಿಯೋ ಕ್ಯಾಸೆಟ್ ರೆಕಾರ್ಡರ್' ಎಂಬ ಶಿಸ್ತಿನ ಹೆಸರು. ಕ್ಯಾಸೆಟ್ಟನ್ನು 1963ರಲ್ಲಿ ಹೊರತಂದ ಹಾಲೆಂಡಿನ ಫಿಲಿಪ್ಸ್ ಕಂಪನಿಯೇ 1966ರಲ್ಲಿ ರೇಡಿಯೋ ಮತ್ತು ಟೇಪನ್ನು ಒಂದೇ ಪೆಟ್ಟಿಗೆಗೆ ಹಾಕಿತು. ಅದನ್ನು ದೊಡ್ಡದು ಮಾಡಿ, ಸ್ಟೀರಿಯೋ ಮಾಡಿ, ಊರೂರಿಗೆ ಹಂಚಿದವರು ಜಪಾನಿನವರು. ಅಲ್ಲಿ ಅದಕ್ಕೆ 'ರಾಜಿಕಾಸೆ' ಎಂಬ ಹೆಸರು. ರೇಡಿಯೋ ಎಂಬುದರ ಬಾಲ, ಕ್ಯಾಸೆಟ್ ಎಂಬುದರ ಬಾಲ ಎರಡನ್ನೂ ಕತ್ತರಿಸಿ ಅಂಟಿಸಿದ್ದು. ನಮ್ಮಲ್ಲಿ ಟು-ಇನ್-ಒನ್. ಅಮೆರಿಕದ ಬೀದಿಗಳಲ್ಲಿ 1980ರ ಆಸುಪಾಸಿನಲ್ಲಿ ಬೂಮ್‌ಬಾಕ್ಸ್ ಆಯಿತು. ಎದೆಗೆ ಬಡಿಯುವಂತೆ 'ಬೂಂ' ಎನ್ನುವ ಪೆಟ್ಟಿಗೆ, ಅಷ್ಟೇ.

ಅಂದಮೇಲೆ ಹೆಸರು ಕಂಪನಿಯ ಕಾಗದದಲ್ಲಿ ಸಿಗುವುದಿಲ್ಲ. ಸೆಟ್ಟನ್ನೇ ಪರೀಕ್ಷೆ ಮಾಡಬೇಕು. ಆಚಾರ್ರು ಸ್ಕ್ರೂ ಡ್ರೈವರ್ ಹಿಡಿದು ಒಂದೊಂದಾಗಿ ತೋರಿಸಿದರು.

ಒಂದು: ಹಿಡಿ ಮತ್ತು ಸೆಲ್ಲು

ಒಂದೇ ಮೈ, ಮೇಲೊಂದು ಹಿಡಿ. ಸ್ಪೀಕರು ಬಿಚ್ಚಿಡುವಂಥ ಸೆಟ್ಟುಗಳೂ ಇವೆ, ಆದರೆ ಸಿಕ್ಕಿಸಿದರೆ ಒಂದೇ ಕೈಯಲ್ಲಿ ಎತ್ತುವಂತಿರಬೇಕು. ಎತ್ತಿದ ಮೇಲೆ ಗೋಡೆಯ ಪ್ಲಗ್ಗಿನ ಹಂಗಿರಬಾರದು. ಹಿಂದೆ ಮುಚ್ಚಳ ತೆಗೆದರೆ ಟಾರ್ಚಿನ ದೊಡ್ಡ ಸೆಲ್ಲುಗಳ ಸಾಲು. ಒಂದು ಸೆಲ್ಲಿಗೆ ಒಂದೂವರೆ ವೋಲ್ಟ್. ಆರಾದರೆ 9, ಎಂಟಾದರೆ 12, ಹತ್ತಾದರೆ 15 ವೋಲ್ಟ್. ವೋಲ್ಟ್ ಏರಿದ ಹಾಗೆ ಸ್ಪೀಕರನ್ನು ಜೋರಾಗಿ ತಳ್ಳುವ ತಾಕತ್ತೂ ಏರುತ್ತದೆ. ಅದಕ್ಕೇ ದೊಡ್ಡ ಸೆಟ್ಟು ಸೆಲ್ಲು ತಿನ್ನುವುದರಲ್ಲಿ ಬಕಾಸುರ. 1989ರಲ್ಲಿ ಬಂದ ಸ್ಪೈಕ್ ಲೀಯವರ 'ಡು ದ ರೈಟ್ ಥಿಂಗ್' ಚಿತ್ರದಲ್ಲಿ ರೇಡಿಯೋ ರಹೀಮ್ ಎಂಬ ಪಾತ್ರ ಅಂಗಡಿಗೆ ಹೋಗಿ ಕೇಳುವುದು ಒಂದೆರಡಲ್ಲ, ಇಪ್ಪತ್ತು ಸೆಲ್ಲು!

ಈ ಅಮ್ಮನ ಸೆಟ್ಟಿಗೆ ಎಂಟು ಸೆಲ್ಲು. ಹಿಡಿ ಗಟ್ಟಿ. ಪಾಸು.

ಎರಡು: ಎರಡು ಕಿವಿಗೆ ಎರಡು ಬಾಯಿ

ಸ್ಟೀರಿಯೋ ಎಂದರೆ ಎಡದ ಶಬ್ದ ಎಡಕ್ಕೆ, ಬಲದ್ದು ಬಲಕ್ಕೆ. ಎರಡು ಸ್ಪೀಕರ್ ಇದ್ದ ಮಾತ್ರಕ್ಕೆ ಸ್ಟೀರಿಯೋ ಅಲ್ಲ. ಒಂದೇ ಶಬ್ದವನ್ನು ಎರಡು ಕಡೆ ಹಂಚುವ ಸೆಟ್ಟೂ ಇದೆ. ಶೋಕಿಗೆ ಬರೀ ಪ್ಲಾಸ್ಟಿಕ್ಕಿನ ಟ್ವೀಟರ್ ಅಂಟಿಸಿದ್ದೂ ಇದೆ. 'ಬ್ಯಾಲೆನ್ಸ್' ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಬಲಗಡೆ ಸದ್ದು ನಿಂತರೆ ಅಸಲಿ. ಟ್ವೀಟರಿಗೆ ಕಿವಿ ಕೊಟ್ಟಾಗ ಚಿಕ್-ಚಿಕ್ ತಾಳ ಕೇಳಿದರೆ ಅಸಲಿ.

ಇಲ್ಲಿ ಯುವಕನೇ ಒಂದು ವಿಚಾರ ಹೇಳಿದ. ಜೆ.ವಿ.ಸಿ. ಕಂಪನಿಯ ಆರ್.ಸಿ.-550 ಎಂಬ ಸೆಟ್ಟು ಸ್ಟೀರಿಯೋ ಅಲ್ಲ, ಮೊನೋ. ಆದರೆ ಅದರ ಎದೆಗೆ ಹತ್ತು ಇಂಚಿನ ಒಂದೇ ದೊಡ್ಡ ವೂಫರ್. ಸಂಗ್ರಹಕಾರರು ಅದಕ್ಕೆ ಕೈಮುಗಿಯುತ್ತಾರೆ.

"ಹಾಗಾದ್ರೆ ನಿಯಮಕ್ಕಿಂತ ಸದ್ದೇ ಮುಖ್ಯ ಅಂತ ಆಯ್ತಲ್ಲ ತಮ್ಮಾ," ಎಂದರು ಆಚಾರ್ರು. ಯುವಕ ನಕ್ಕ.

ಮೂರು: ಸ್ಟಿಕರ್ ವ್ಯಾಟ್ ನಂಬಬೇಡಿ

ಸದ್ದು ಎಷ್ಟು? ಇಲ್ಲೇ ಗಿರಾಕಿ ಬೀಳುವುದು. ಮುಂದೆ 'ಪಿ.ಎಂ.ಪಿ.ಓ. 500 ವ್ಯಾಟ್' ಎಂದು ಬೆಳ್ಳಿ ಬಣ್ಣದ ಸ್ಟಿಕರ್ ಹೊಳೆಯುತ್ತಿರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಲೆಕ್ಕ ಅದು. ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಕ್ರಮವೂ ಇಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಸೆಟ್ಟನ್ನು ತಿರುಗಿಸಿ ಹಿಂದಿನ ಪಟ್ಟಿ ಓದಿ. ಕರೆಂಟು ಎಷ್ಟು ಎಳೆಯುತ್ತದೆ ಎಂದು ಅಲ್ಲಿ ವ್ಯಾಟ್ ಬರೆದಿರುತ್ತದೆ. ಅಲ್ಲಿ 25 ಇದ್ದು ಮುಂದೆ 500 ಅಂದರೆ? ತಿಂದ ಹುಲ್ಲಿಗಿಂತ ಇಪ್ಪತ್ತು ಪಟ್ಟು ಹಾಲು ಕೊಡುವ ಆಕಳನ್ನು ಯಾರಾದರೂ ನೋಡಿದ್ದೀರಾ ಸ್ವಾಮಿ?

ಅಮ್ಮನ ಸೆಟ್ಟಿನಲ್ಲಿ ಸ್ಟಿಕರೇ ಇರಲಿಲ್ಲ. ಐದೈದು ಇಂಚಿನ ಎರಡು ವೂಫರ್, ಎರಡು ಟ್ವೀಟರ್.

"ಸೈಜ್ ಸಾಲದು ಅಂಕಲ್. ಭುಜದ ಮೇಲೆ ಹೊತ್ರೆ ಮುಖ ಮುಚ್ಚಬೇಕು," ಎಂದ ಯುವಕ.

"ಹಲಸಿನ ಹಣ್ಣು ಸಣ್ಣದಾದ್ರೆ ಹಲಸಲ್ವಾ?" ಎಂದರು ಆಚಾರ್ರು.

ನಾಲ್ಕು: ಕೇಳುವುದಷ್ಟೇ ಅಲ್ಲ, ಹಿಡಿದಿಡುವುದು

ಸೆಟ್ಟಿನಲ್ಲಿ ರೇಡಿಯೋ ಬೇಕು, ಟೇಪು ಬೇಕು, ಮುಖ್ಯವಾಗಿ ಆ ಕೆಂಪು ಚುಕ್ಕೆಯ ರೆಕಾರ್ಡ್ ಗುಂಡಿ ಬೇಕು. ಇದು ಯಾಕೆ ಎಂದು ತಿಳಿಯಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು.

ಅಲ್ಲಿನ ಬ್ರಾಂಕ್ಸ್ ಎಂಬ ಬಡಾವಣೆ. ಬಡವರ, ಕರಿಯ ಜನರ, ಪೋರ್ಟೊರಿಕೋದವರ ಕೇರಿಗಳು. 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ ಡಿ.ಜೆ. ಕೂಲ್ ಹರ್ಕ್ ಎಂಬವರು ನಡೆಸಿದ ಪಾರ್ಟಿಯನ್ನು ಹಿಪ್-ಹಾಪ್ ಸಂಗೀತದ ಹುಟ್ಟು ಎನ್ನುತ್ತಾರೆ. ಆ ಸಂಗೀತದ ಮೊದಲ ದೊಡ್ಡ ಹಿಟ್ ರೆಕಾರ್ಡು 'ರ‍್ಯಾಪರ್ಸ್ ಡಿಲೈಟ್' ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ? ರೇಡಿಯೋದವರು ಹಾಕಲಿಲ್ಲ, ಕಂಪನಿಯವರು ಕೇಳಲಿಲ್ಲ. ಪಾರ್ಟಿಯಲ್ಲಿ ಟೇಪ್ ಮಾಡಿಕೊಂಡ ಕ್ಯಾಸೆಟ್ಟು ಕೈಯಿಂದ ಕೈಗೆ ಹೋಯಿತು. ಈ ಪೆಟ್ಟಿಗೆಗಳೇ ಅದನ್ನು ಬೀದಿಯಲ್ಲಿ ಹಾಡಿದವು. 1985ರಲ್ಲಿ ಎಲ್.ಎಲ್. ಕೂಲ್ ಜೆ. ಎಂಬ ಹುಡುಗ ತನ್ನ ಮೊದಲ ಆಲ್ಬಂಗೆ 'ರೇಡಿಯೋ' ಎಂದೇ ಹೆಸರಿಟ್ಟ. ರಟ್ಟಿನ ಮೇಲೆ ಅವನ ಮುಖವಲ್ಲ, ಒಂದು ಜೆ.ವಿ.ಸಿ. ಬೂಮ್‌ಬಾಕ್ಸು.

ನಮಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ನಮ್ಮ ಕರಾವಳಿಯವರು ಬಯಲಾಟಕ್ಕೆ ಹೋಗುವಾಗ ಬಗಲಲ್ಲಿ ಹೊತ್ತದ್ದು ಏನು? ಗದ್ದೆಯಲ್ಲಿ ಪ್ಲಗ್ಗಿಲ್ಲ, ಸೆಲ್ಲು ಹಾಕಿಕೊಂಡೇ ಹೋಗಬೇಕು. ರಂಗಸ್ಥಳದ ಹತ್ತಿರ ಟೇಪ್ ಇಟ್ಟು ಬೆಳಗಿನ ತನಕ ನಿದ್ದೆಗೆಟ್ಟು ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಹಾಕಿದವರು ಈ ಬಸ್ ಸ್ಟ್ಯಾಂಡಿನಲ್ಲೇ ಎಷ್ಟು ಮಂದಿ ಇದ್ದಾರೆ! 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಸ್ವರ ಇವತ್ತಿಗೂ ನಮ್ಮ ಕಿವಿಯಲ್ಲಿದ್ದರೆ, ಅದರಲ್ಲಿ ಹೀಗೆ ಟೇಪ್ ಹೊತ್ತವರ ಪಾಲೂ ಉಂಟು.

ಐದು: ಹತ್ತು ಜನಕ್ಕೆ ಕೇಳಬೇಕು

1979ರ ಜುಲೈ 1ರಂದು ಸೋನಿ ಕಂಪನಿ ಜಪಾನಿನಲ್ಲಿ ವಾಕ್‌ಮನ್ ಬಿಟ್ಟಿತು. ಅದೂ ಕ್ಯಾಸೆಟ್ಟೇ, ಸ್ಟೀರಿಯೋನೇ, ಸೆಲ್ಲಿನದೇ. ಆದರೆ ಕೇಳುವವನಿಗೆ ಮಾತ್ರ. ಬೂಮ್‌ಬಾಕ್ಸ್ ಹಾಗಲ್ಲ. ಒಬ್ಬ ಹಾಕಿದ್ದನ್ನು ಬೀದಿಯೆಲ್ಲ ಕೇಳಬೇಕು, ಇಷ್ಟವಿದ್ದರೂ, ಇಲ್ಲದಿದ್ದರೂ!

ಇದರಿಂದಲೇ ಜಗಳ. ಅಮೆರಿಕದ ಊರುಗಳಲ್ಲಿ ಬಸ್ಸು, ರೈಲುಗಳಲ್ಲಿ ಇದನ್ನು ಹಾಕಬಾರದೆಂದು ಕಾಯ್ದೆಗಳು ಬಂದವು. 1986ರ 'ಸ್ಟಾರ್ ಟ್ರೆಕ್' ಸಿನಿಮಾದಲ್ಲಿ ಒಂದು ದೃಶ್ಯ. ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸಿನಲ್ಲಿ ಒಬ್ಬ ಪೋಕರಿ ಸೆಟ್ಟು ಜೋರಾಗಿ ಹಾಕಿರುತ್ತಾನೆ. ಸಣ್ಣದು ಮಾಡಪ್ಪಾ ಅಂದರೆ ಇನ್ನೂ ದೊಡ್ಡದು ಮಾಡುತ್ತಾನೆ. ಸ್ಪಾಕ್ ಎಂಬ ಬೇರೆ ಗ್ರಹದ ಮನುಷ್ಯ ಅವನ ಕುತ್ತಿಗೆಯ ಬುಡ ಹಿಚುಕಿ ಮಲಗಿಸುತ್ತಾನೆ. ಬಸ್ಸಿನವರೆಲ್ಲ ಚಪ್ಪಾಳೆ! ನಮ್ಮ ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲೂ ಮೊಬೈಲ್ ಜೋರಾಗಿ ಹಾಕಬಾರದೆಂದು 2021ರಲ್ಲಿ ಆದೇಶ ಬಂತು. ದಿನಾ ಬಸ್ಸಿನಲ್ಲಿ ಓಡಾಡುವ ಓದುಗರಿಗೆ ಸ್ಪಾಕ್ ಬೇಕೆನಿಸಿದರೆ ತಪ್ಪಿಲ್ಲ.

ಆದರೆ ಜಗಳದ ಇನ್ನೊಂದು ಮುಖವೂ ಇದೆ. 'ಡು ದ ರೈಟ್ ಥಿಂಗ್' ಚಿತ್ರದಲ್ಲಿ ಸದ್ದು ತಡೆಯಲಾರದೆ ಹೋಟೆಲಿನವನು ರಹೀಮನ ಪೆಟ್ಟಿಗೆಯನ್ನು ಬ್ಯಾಟಿನಿಂದ ಪುಡಿ ಮಾಡುತ್ತಾನೆ. ಹೊಡೆದಾಟವಾಗಿ ಕೊನೆಗೆ ಪೊಲೀಸರ ಕೈಯಲ್ಲಿ ರಹೀಮನ ಪ್ರಾಣವೇ ಹೋಗುತ್ತದೆ. ಯಾರ ಮಾತನ್ನೂ ಕೇಳದ ಊರಿನಲ್ಲಿ ಆ ಪೆಟ್ಟಿಗೆಯೇ ಅವನ ಬಾಯಿಯಾಗಿತ್ತು. ಆ ಚಿತ್ರದ ಸೆಟ್ಟು ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಇದೇ ಕೊನೆಯ ಪರೀಕ್ಷೆ. ಈಗ ಜೆ.ಬಿ.ಎಲ್. ಕಂಪನಿ ಒಂದು ಬ್ಲೂಟೂತ್ ಸ್ಪೀಕರಿಗೆ ಬೂಮ್‌ಬಾಕ್ಸ್ ಎಂದೇ ಹೆಸರಿಟ್ಟು ಮಾರುತ್ತಿದೆ. ಹಿಡಿ ಇದೆ, ಬ್ಯಾಟರಿ ಇದೆ, ಸದ್ದೂ ಇದೆ. ಆದರೆ ಫೋನ್ ಇಲ್ಲದಿದ್ದರೆ ಮೂಕ. ಹಳೇ ಪೆಟ್ಟಿಗೆ ತಾನೇ ಹಿಡಿದು ತಾನೇ ಹಾಡುತ್ತಿತ್ತು.

"ಇದು ಹಾಡಿದ್ದೆಲ್ಲಿ ಅಂಕಲ್? ಇಷ್ಟು ವರ್ಷ ಕಸೂತಿ ಬಟ್ಟೆ ಹೊದ್ದು ಕಪಾಟಿನ ಮೇಲೆ ಕೂತಿತ್ತಷ್ಟೇ," ಎಂಬುದು ಯುವಕನ ಕೊನೆಯ ವಾದ.

ಆಗ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅಮ್ಮ ಚೀಲದಿಂದ ಒಂದು ಕ್ಯಾಸೆಟ್ ತೆಗೆದರು. "ಆಚಾರ್ರೇ, ರೇಟು ಆಮೇಲೆ. ಇದನ್ನೊಮ್ಮೆ ಹಾಕ್ತೀರಾ? ಮಾರುವ ಮೊದಲು ಕೇಳಬೇಕಿತ್ತು."

ಬೆಲ್ಟು ಬದಲಾಯಿತು

ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಹಳೇ ಸೆಟ್ಟಿಗೆ ಇದು ಮಾಮೂಲು ಕಾಯಿಲೆ. ಬೆಲ್ಟು ಜಾರಿದರೆ ಟೇಪು ನಿಧಾನವಾಗಿ ಹಾಡು ಕುಡುಕನ ರಾಗವಾಗುತ್ತದೆ. ಆಚಾರ್ರು ಅಂಟು ಒರೆಸಿ ಹೊಸ ಬೆಲ್ಟು ಹಾಕಿದರು, ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸಿದರು. ಎಂಟು ಸೆಲ್ಲು ತಂದುಕೊಟ್ಟವನು ಆ ಯುವಕನೇ. ಪ್ಲಗ್ ಹಾಕದೆ ಸೆಟ್ಟನ್ನು ಹಿಡಿಯಲ್ಲೆತ್ತಿ ಅಂಗಡಿಯ ಮೆಟ್ಟಿಲ ಮೇಲಿಟ್ಟರು.

ಮೊದಲು ಗರಗರ. ಆಮೇಲೆ ಒಂದು ಗಂಡು ಸ್ವರ. ಫೋನು ಮನೆಮನೆಗೆ ಇಲ್ಲದ ಕಾಲದಲ್ಲಿ ಗಲ್ಫಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಅಂಥ ಒಂದು ಕ್ಯಾಸೆಟ್ ಅದು. ಮಗುವಿನ ಜ್ವರ ಇಳಿಯಿತಾ, ಬಾವಿಯ ಪಂಪು ಸರಿ ಮಾಡಿಸಿದ್ಯಾ, ಅಪ್ಪಯ್ಯನಿಗೆ ಕನ್ನಡಕ ತೆಗೆಸಿಕೊಟ್ಯಾ, ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಇದನ್ನು ಹಾಕು. ಇಷ್ಟೇ ಮಾತು. ಪಕ್ಕದ ಚಾದಂಗಡಿಯವರು, ಬಸ್ಸಿಗೆ ಕಾಯುತ್ತಿದ್ದವರು ಹತ್ತು-ಹದಿನೈದು ಮಂದಿ ನಿಂತು ಕೇಳಿದರು. ಯಾರೂ ಸಣ್ಣದು ಮಾಡಿ ಅನ್ನಲಿಲ್ಲ.

ಕ್ಯಾಸೆಟ್ ಮುಗಿದಾಗ ಯುವಕ, "ಒಪ್ಕೊಂಡೆ ಅಂಕಲ್, ಇದು ಬೂಮ್‌ಬಾಕ್ಸೇ. ಹತ್ತು ಸಾವಿರ ಕೊಡ್ತೀನಿ," ಎಂದ.

"ಬೇಡ ಮಗಾ. ನಾನು ಕೊಡುದಿಲ್ಲ," ಎಂದರು ಅಮ್ಮ.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಆ ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿಸಿ ಫೋನಿಗೆ ರೆಕಾರ್ಡ್ ಮಾಡಿ ಅಮ್ಮನ ಮಗನಿಗೆ ಕಳಿಸಿಕೊಟ್ಟ. ಸೆಲ್ಲಿನ ದುಡ್ಡೂ ತೆಗೆದುಕೊಳ್ಳಲಿಲ್ಲ.

ಅಟ್ಟದಲ್ಲಿ ಸೆಟ್ಟಿರುವವರಿಗೆ

ಗುಜರಿಗೆ ಹಾಕುವ ಮುಂಚೆ ಆಚಾರ್ರ ನಾಲ್ಕು ಮಾತು ಕೇಳಿ. ಒಳಗೆ ಹಳೇ ಸೆಲ್ಲಿದ್ದರೆ ಮೊದಲು ತೆಗೆಯಿರಿ, ಸೋರಿದ ಸೆಲ್ಲು ತಗಡನ್ನೇ ತಿನ್ನುತ್ತದೆ. ಹಿಂದಿನ ವೋಲ್ಟೇಜ್ ನೋಡದೆ ಪ್ಲಗ್ ಹಾಕಬೇಡಿ. ಜಪಾನಿನ ಒಳಮಾರುಕಟ್ಟೆಯ ಸೆಟ್ಟಾದರೆ 100 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟೇಹೋಗುತ್ತದೆ. ಗಲ್ಫಿನಿಂದ ಬಂದ ಎಷ್ಟೋ ಸೆಟ್ಟುಗಳಲ್ಲಿ ವೋಲ್ಟೇಜ್ ಬದಲಿಸುವ ಸಣ್ಣ ಸ್ವಿಚ್ ಇರುತ್ತದೆ, ಅದು ಎಲ್ಲಿದೆ ನೋಡಿ. ಬಹಳ ವರ್ಷ ಮುಟ್ಟದ ಕ್ಯಾಸೆಟ್ಟನ್ನು ಬೆಲ್ಟು ನೋಡಿಸದೆ ಹಾಕಬೇಡಿ, ಟೇಪು ಸಿಕ್ಕಿಕೊಂಡರೆ ಆ ಸ್ವರ ಮತ್ತೆ ಸಿಗುವುದಿಲ್ಲ. ಕೊನೆಯದಾಗಿ, ಮಾರುವುದಿದ್ದರೆ ಹೆಸರು ತಿಳಿದು ಮಾರಿ. ಗುಜರಿಯಲ್ಲಿ ತೂಗುವುದು ಪ್ಲಾಸ್ಟಿಕ್ಕನ್ನು ಮಾತ್ರ.

ಆರು ಗಂಟೆಯ ಬಸ್ಸಿಗೆ ಅಮ್ಮ ಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕಂಡಕ್ಟರ್ ಬಂದು ನೋಡಿ, "ಅಮ್ಮಾ, ಇದಕ್ಕೆ ಲಗೇಜ್ ಟಿಕೆಟ್ ಆಗ್ತದೆ," ಎಂದ. ಅಮ್ಮ ಮರುಮಾತಾಡದೆ ದುಡ್ಡು ತೆಗೆದುಕೊಟ್ಟರು.