ಹೊಸ್ತಿಲು ದಾಟಿದ ಟನ್ನುಗಳು

2001ರ ಫೆಬ್ರವರಿಯಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಬಾಗಿಲು ಹಾಕಿದ್ದ ಒಂದು ದೊಡ್ಡ ಬಟ್ಟೆ ಮಳಿಗೆಯೊಳಗೆ, ಮೈಕೆಲ್ ಲ್ಯಾಂಡಿ ಎಂಬ ಕಲಾವಿದ ತನ್ನದೆಂಬ ಎಲ್ಲವನ್ನೂ ಪುಡಿ ಮಾಡಿಸಿದ. ಮೊದಲೇ ಪಟ್ಟಿ ಸಿದ್ಧವಾಗಿತ್ತು: ಕಾಲುಚೀಲ, ಪುಸ್ತಕ, ಪಾಸ್‌ಪೋರ್ಟು, ಪ್ರೇಮಪತ್ರ, ಗೆಳೆಯರು ಕೊಟ್ಟ ಕಲಾಕೃತಿ, ಓಡಾಡುತ್ತಿದ್ದ ಸಾಬ್ ಕಾರು. ಒಂದೊಂದಕ್ಕೂ ಒಂದು ನಂಬರು. ಬಟ್ಟೆಬರೆ, ಅಡುಗೆಮನೆ, ಪೀಠೋಪಕರಣ, ಕರೆಂಟಿನ ಸಾಮಾನು ಎಂದು ಹತ್ತು ವಿಭಾಗ. ಒಟ್ಟು ಲೆಕ್ಕ 7,227. ಟ್ರೇಗಳಲ್ಲಿ, ಕನ್ವೇಯರ್ ಬೆಲ್ಟಿನ ಮೇಲೆ ಸಾಗಿಬರುತ್ತಿದ್ದ ಅವನ್ನು ನೀಲಿ ಮೇಲಂಗಿ ತೊಟ್ಟ ಸಹಾಯಕರು ಬಿಚ್ಚಿದರು, ಕತ್ತರಿಸಿದರು, ಯಂತ್ರದ ಬಾಯಿಗೆ ಕೊಟ್ಟರು. ಎರಡು ವಾರ ಕಳೆಯುವ ಹೊತ್ತಿಗೆ ಉಳಿದದ್ದು ಸುಮಾರು 5.75 ಟನ್ ಚೂರುಪಾರು. ಅದನ್ನು ಯಾರಿಗೂ ಮಾರಲಿಲ್ಲ. ಕಸ ಹೂಳುವ ಗುಂಡಿಗೆ ಹೋಯಿತು.

ಬೆಲ್ಟಿನ ಮೇಲೆ ಸುತ್ತು ಹೊಡೆಯುತ್ತಲೇ ಉಳಿದ ವಸ್ತುವೊಂದಿತ್ತು: ಅವನ ತಂದೆಯ ಕುರಿಚರ್ಮದ ಕೋಟು. ತಂದೆ ಸುರಂಗ ಕೊರೆಯುವ ಕೆಲಸದವರು. 1977ರಲ್ಲಿ ಅಪಘಾತವಾದ ಮೇಲೆ ಆ ಕೋಟಿನ ಭಾರವನ್ನು ಅವರ ಮೈ ತಾಳದಾಯಿತು. ಕಾರನ್ನು ನಟ್ಟು ಬೋಲ್ಟಾಗಿ ಬಿಚ್ಚಿ ಹಾಕಿದರೂ ಕೋಟನ್ನು ಮಾತ್ರ ಆಮೇಲೆ, ಆಮೇಲೆ ಎಂದು ಮುಂದೂಡಿಕೊಂಡು ಬಂದರು. ಕಟ್ಟಕಡೆಗೆ ಅದೂ ಹೋಯಿತು.

37 ವರ್ಷದ, ಶ್ರೀಮಂತನೇನೂ ಅಲ್ಲದ ಒಬ್ಬ ಮನುಷ್ಯನ ಹತ್ತಿರ ಏಳು ಸಾವಿರ ಚಿಲ್ಲರೆ ಸಾಮಾನು ಎಂದರೆ ಹುಬ್ಬೇರುತ್ತದೆ. ಆದರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಾಸ್ ಏಂಜಲೀಸಿನಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು 32 ಮಧ್ಯಮವರ್ಗದ ಮನೆಗಳಿಗೆ ಕ್ಯಾಮೆರಾ ಹಿಡಿದು ಹೋದರು. ಅವರು ಲೆಕ್ಕ ಹಾಕಿದ ಮೊದಲನೆಯ ಮನೆಯಲ್ಲಿ ಎರಡು ಮಲಗುವ ಕೋಣೆ, ಒಂದು ಹಾಲ್, ಇಷ್ಟರಲ್ಲೇ 2,260 ವಸ್ತುಗಳು. ಅದೂ ಕಣ್ಣಿಗೆ ಬಿದ್ದವು ಮಾತ್ರ. ಬೀರುವಿನ ಒಳಗಿನದು, ಡ್ರಾಯರಿನ ಒಳಗಿನದು ಲೆಕ್ಕಕ್ಕಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವೇ ಸರಾಸರಿ 52. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ, ಅಷ್ಟು ಸಾಮಾನು ತುಂಬಿತ್ತು. ಅಮೆರಿಕದ ಸರಾಸರಿ ಮನೆಯಲ್ಲಿ 3 ಲಕ್ಷ ವಸ್ತುಗಳಿರುತ್ತವೆ ಎಂಬ ಮಾತೂ ಊರೆಲ್ಲ ಓಡಾಡುತ್ತಿದೆ. ಗುಂಡುಸೂಜಿಯನ್ನೂ ಬಿಡದೆ ಎಣಿಸಿದವರು ಯಾರೋ ಕಾಣೆ. ನನಗೆ ಈ 2,260 ಸಾಕು.

ಇಷ್ಟಾಗಿಯೂ ಇವೆಲ್ಲ ಸಣ್ಣ ಸಂಖ್ಯೆಗಳು. ನಿಜವಾದ ಬೆರಗು ಮನೆಯ ಹೊರಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಭೂಮಿಯಿಂದ ಅಗೆದು, ಕಡಿದು, ಕೊಯ್ದು ತೆಗೆಯುವ ಪದಾರ್ಥ 10,000 ಕೋಟಿ ಟನ್ ದಾಟಿದೆ. 1970ರಲ್ಲಿ ಇದು ಸುಮಾರು 3,000 ಕೋಟಿ ಟನ್ ಇತ್ತು. ಮರಳು, ಜಲ್ಲಿ, ಅದಿರು, ಕಲ್ಲಿದ್ದಲು, ಎಣ್ಣೆ, ಮರ, ಧಾನ್ಯ ಎಲ್ಲ ಸೇರಿ ತಲೆಗೆ 13 ಟನ್ ಬೀಳುತ್ತದೆ. ಈಗ ಲ್ಯಾಂಡಿಯ ಗುಡ್ಡೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಹುಟ್ಟಿದಂದಿನಿಂದ ಕೂಡಿಟ್ಟದ್ದೆಲ್ಲ, ಕಾರೂ ಸೇರಿ, 5.75 ಟನ್. ನಮ್ಮ ನಿಮ್ಮ ಹೆಸರಿನಲ್ಲಿ ಭೂಮಿಯಿಂದ ಅಷ್ಟು ತೆಗೆಯಲು ಆರು ತಿಂಗಳೂ ಬೇಕಾಗಿಲ್ಲ. ಸರಾಸರಿ ಎಂಬುದು ಮೋಸದ ಮಾತು, ನಿಜ. ಶ್ರೀಮಂತ ದೇಶದವನ ಪಾಲು ಬಡದೇಶದವನ ಪಾಲಿನ ಆರು ಪಟ್ಟು ಎಂದು ಅದೇ ವರದಿ ಹೇಳುತ್ತದೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2020ರಲ್ಲಿ ಇನ್ನೊಂದು ತಕ್ಕಡಿ ಹಿಡಿದರು. ಒಂದು ತಟ್ಟೆಯಲ್ಲಿ ಭೂಮಿಯ ಮೇಲಿನ ಎಲ್ಲ ಜೀವರಾಶಿ: ಕಾಡು, ಹುಲ್ಲು, ಅಣಬೆ, ಆನೆ, ನಾವು. ಇನ್ನೊಂದರಲ್ಲಿ ಮನುಷ್ಯ ಮಾಡಿಟ್ಟದ್ದು: ಕಾಂಕ್ರೀಟು, ಇಟ್ಟಿಗೆ, ಡಾಂಬರು, ಲೋಹ, ಪ್ಲಾಸ್ಟಿಕ್. ಜೀವರಾಶಿಯ ಒಣತೂಕ ಸುಮಾರು 1.1 ಲಕ್ಷ ಕೋಟಿ ಟನ್. ನಾವು ಮಾಡಿದ್ದೂ ಅಷ್ಟೇ, ಮತ್ತು ಆಸುಪಾಸಿನ ಆ ವರ್ಷಗಳಲ್ಲೇ ನಮ್ಮ ತಟ್ಟೆ ಕೆಳಗಿಳಿಯಿತು. 20ನೇ ಶತಮಾನ ಶುರುವಾದಾಗ ನಮ್ಮದು ಜೀವರಾಶಿಯ ಶೇ 3 ಮಾತ್ರ ಇತ್ತು. ಈಗಿನ ವೇಗದಲ್ಲಿ ಭೂಮಿಯ ಮೇಲಿನ ಒಬ್ಬೊಬ್ಬರ ಪಾಲಿಗೂ ವಾರವಾರ ಅವರವರ ಮೈತೂಕಕ್ಕಿಂತ ಹೆಚ್ಚಿನ ವಸ್ತು ಹೊಸದಾಗಿ ಸೇರುತ್ತಿದೆ. ಪ್ಲಾಸ್ಟಿಕ್ ಒಂದೇ, ನೆಲ ಮತ್ತು ಕಡಲಿನ ಎಲ್ಲ ಪ್ರಾಣಿಗಳನ್ನು ಒಟ್ಟು ಹಾಕಿದರೂ ಅದರ ಎರಡರಷ್ಟು ತೂಗುತ್ತದೆ.

ಲಕ್ಷ ಕೋಟಿಗಳು ತಲೆಗೆ ಹತ್ತುವುದಿಲ್ಲ. ಹತ್ತುವ ಲೆಕ್ಕವೊಂದು ನಮ್ಮಲ್ಲೇ ಇದೆ. ಲ್ಯಾಂಡಿಯ ಯಂತ್ರ ನಿಂತ ಅದೇ ತಿಂಗಳ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಜಿಎಫ್‌ನಲ್ಲಿ 120 ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಸುಮಾರು 5.1 ಕೋಟಿ ಟನ್ ಅದಿರು ಎತ್ತಿ ಪಡೆದದ್ದು ಸುಮಾರು 800 ಟನ್ ಚಿನ್ನ. ಅಂದರೆ ಒಂದು ಗ್ರಾಮಿಗೆ 64 ಕಿಲೋ ಕಲ್ಲು. 40 ಗ್ರಾಮಿನ ಮಾಂಗಲ್ಯದ ಸರಕ್ಕೆ ಎರಡೂವರೆ ಟನ್. ಇದು ಒಳ್ಳೆಯ ಕಾಲವೂ ಕೆಟ್ಟ ಕಾಲವೂ ಸೇರಿದ ಸರಾಸರಿ. ಕೊನೆಕೊನೆಗೆ ಟನ್ ಕಲ್ಲಿಗೆ ನಾಲ್ಕೈದು ಗ್ರಾಂ ಸಿಕ್ಕಿದರೆ ಹೆಚ್ಚು ಎನ್ನುವಂತಾಗಿತ್ತು, ಆ ಕಾಲದ ಸರಕ್ಕೆ ಎಂಟು ಹತ್ತು ಟನ್. ಚಿನ್ನ ಮದುವೆಮನೆಗೆ ಹೋಯಿತು. ಕಲ್ಲಿನ ಹಿಟ್ಟು ಮೂರು ಕೋಟಿ ಟನ್ನಿಗೂ ಮಿಕ್ಕಿ ಸೈನೈಡ್ ದಿಬ್ಬಗಳಾಗಿ ಊರಿನ ನೆತ್ತಿಯ ಮೇಲೇ ಕೂತಿದೆ. ಗಾಳಿಯ ಕಾಲದಲ್ಲಿ ಅದರ ಬೂದುದೂಳು ಕಾಲೊನಿಗಳ ಹೆಂಚು, ಒಗೆದು ಹರವಿದ ಬಟ್ಟೆ, ನೀರಿನ ಕೊಡ ಯಾವುದನ್ನೂ ಬಿಡುವುದಿಲ್ಲ. ಸಿನಿಮಾದವರಿಗೆ ಅದು ಒಳ್ಳೆಯ ಲೊಕೇಷನ್.

ಇನ್ನು ಮುಂದಿನ ಸಂಖ್ಯೆ. ವಿಶ್ವ ಚಿನ್ನ ಮಂಡಳಿಯ ಪ್ರಕಾರ 2024ರಲ್ಲಿ ಭಾರತದಲ್ಲಿ ಕೊಂಡ ಚಿನ್ನ 800 ಟನ್ನಿಗೆ ಸ್ವಲ್ಪ ಹೆಚ್ಚು. ಮೂರು ನಾಲ್ಕು ತಲೆಮಾರಿನ ಗಣಿಗಾರರು ಶ್ವಾಸಕೋಶದಲ್ಲಿ ಕಲ್ಲುದೂಳು ತುಂಬಿಕೊಂಡು ಎತ್ತಿದ್ದನ್ನು ನಾವು ಒಂದೇ ವರ್ಷದಲ್ಲಿ ಬಿಲ್ ಹಾಕಿಸಿದೆವು. ಭಾರತದ ಮನೆಗಳಲ್ಲಿ ಇರುವ ಚಿನ್ನ 25,000 ಟನ್ ಎಂದು ಅಂದಾಜು. ಮೂವತ್ತೊಂದು ಕೆಜಿಎಫ್. ಕೋಲಾರದ ಸರಾಸರಿ ಅದಿರೇ ಆಗಿದ್ದರೆ ಅದರ ಹಿಂದೆ 159 ಕೋಟಿ ಟನ್ ಕಲ್ಲು, ಅಂದರೆ ಕೂಸಿನಿಂದ ಮುದುಕರ ತನಕ ಪ್ರತಿ ಭಾರತೀಯನ ಹಿಂದೆ ಒಂದು ಟನ್ನಿಗೂ ಹೆಚ್ಚು. ಬೀರುವಿನ ಲಾಕರಿನಲ್ಲಿ ಅದು ಒಂದು ಮುಷ್ಟಿಯಷ್ಟೂ ಕಾಣುವುದಿಲ್ಲ.

ಹಾಗಿದ್ದರೂ ಚಿನ್ನದ ಪರವಾಗಿ ಒಂದು ಮಾತು ಹೇಳಲೇಬೇಕು. ಅದನ್ನು ಯಾರೂ ಬಿಸಾಡುವುದಿಲ್ಲ. ಅಜ್ಜಿಯ ಕಾಸಿನ ಸರ ಅಮ್ಮನ ಬಳೆಯಾಗಿ, ಬಳೆ ಮೊಮ್ಮಗಳ ನೆಕ್ಲೇಸಾಗಿ ಅಕ್ಕಸಾಲಿಯ ಕುಲುಮೆಯಲ್ಲಿ ಮರುಹುಟ್ಟು ಪಡೆಯುತ್ತದೆ. ನೂರು ವರ್ಷದ ಹಿಂದೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಿಂದ ಬಂದ ಚಿನ್ನ ಇವತ್ತು ಯಾರದೋ ಕಿವಿಯಲ್ಲಿರಬಹುದು. ನಾವು ಎಸೆಯುವ ಚಿನ್ನವೆಂದರೆ ಮೊಬೈಲಿನೊಳಗಿನದು. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಚಿನ್ನವಿರುತ್ತದೆ, ಕೆಜಿಎಫ್‌ನ ಕೊನೆಗಾಲದ ಅದಿರಿನ ಹತ್ತಾರು ಪಟ್ಟು. ಆದರೂ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ 22.3. ಉಳಿದ ಹೊರೆಯ ತೂಕ ಎಷ್ಟೆಂದರೆ, ತಲಾ 40 ಟನ್ ಹೊರುವ ಲಾರಿಗಳು ಹನ್ನೆರಡು ಲಕ್ಷ ಬೇಕು.

ಆದ್ದರಿಂದ ಮನೆಯಲ್ಲಿ ಎಷ್ಟಿದೆ ಎಂದು ಎಣಿಸುವುದಕ್ಕಿಂತ ಹೊಸ್ತಿಲು ದಾಟಿ ಎಷ್ಟು ಹೋಯಿತು ಎಂದು ಎಣಿಸುವುದು ಮೇಲು ಎಂಬುದು ನನ್ನ ಲೆಕ್ಕಾಚಾರ. ಬಟ್ಟೆಯನ್ನೇ ನೋಡಿ. ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯವರ ಅಂದಾಜಿನಲ್ಲಿ 2000ದಿಂದ 2014ರೊಳಗೆ ಜಗತ್ತಿನ ಉಡುಪು ತಯಾರಿಕೆ ಇಮ್ಮಡಿಯಾಗಿ ವರ್ಷಕ್ಕೆ 10,000 ಕೋಟಿ ದಾಟಿತು, ತಲೆಗೆ ಸುಮಾರು 14. ಕೊಳ್ಳುವುದು ಶೇ 60 ಹೆಚ್ಚಿತು, ಇಟ್ಟುಕೊಳ್ಳುವ ಅವಧಿ ಅರ್ಧಕ್ಕಿಳಿಯಿತು. ಕಪಾಟು ದೊಡ್ಡದಾಗಲಿಲ್ಲ, ಕಪಾಟಿನ ಹಿಂಬಾಗಿಲು ದೊಡ್ಡದಾಯಿತು. ಒಂದು ಹತ್ತಿಯ ಟೀ ಶರ್ಟಿಗೆ ಹೊಲದಿಂದ ಅಂಗಡಿಯ ತನಕ ಸುಮಾರು 2,700 ಲೀಟರ್ ನೀರು ಎಂಬುದು ಬಹಳ ಕಡೆ ಒಪ್ಪಿತವಾದ ಲೆಕ್ಕ. ನಗರದ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರಿ ಮಾನದಂಡ ಹಿಡಿದರೆ ಅದು ಇಪ್ಪತ್ತು ದಿನದ ಸ್ನಾನ, ಪಾತ್ರೆ, ಅಡುಗೆ, ಕುಡಿಯುವ ನೀರು. ಒಂದು ಕೊಂಡರೆ ಒಂದು ಫ್ರೀ ಎನ್ನುವಾಗ ನಲವತ್ತು ದಿನ.

ಹೀಗೆ ಹೊರಟದ್ದು ಎಲ್ಲಿಗೋ ಹೋಗಿ ನಿಲ್ಲಬೇಕಲ್ಲ. ಘಾನಾದ ಆಕ್ರಾ ನಗರದ ಕಂಟಮಾಂಟೊ ಸಂತೆಗೆ ಶ್ರೀಮಂತ ದೇಶಗಳ ಹಳೆ ಬಟ್ಟೆ ವಾರಕ್ಕೆ ಒಂದೂವರೆ ಕೋಟಿ ಬಂದಿಳಿಯುತ್ತವೆಂದು ಅಲ್ಲಿ ಕೆಲಸ ಮಾಡುವ ಓಆರ್ ಫೌಂಡೇಷನ್ ಅಂದಾಜು ಮಾಡಿದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಮಾರಾಟವಾಗದ ಬಟ್ಟೆಯ ದಿಣ್ಣೆಗಳೇ ಎದ್ದಿವೆ. ಮನೆ ಖಾಲಿ ಮಾಡಿ ಹಗುರಾಗುವ ಈಚಿನ ಉತ್ಸಾಹದ ಬಗ್ಗೆ ನನಗೆ ಅನುಮಾನ ಇರುವುದು ಇಲ್ಲಿಯೇ. ಲ್ಯಾಂಡಿ ಹಗುರಾದ, ಗುಂಡಿ ಭಾರವಾಯಿತು. ಅವನಿಗೆ ಅದು ಗೊತ್ತಿತ್ತು, ನೋಡಲಿ ಎಂದೇ ಅಂಗಡಿಬೀದಿಯ ನಡುವೆ ಮಾಡಿದ. ಚೀಲ ತುಂಬಿ ದಾನಕ್ಕೆ ಕೊಟ್ಟು ನಿಟ್ಟುಸಿರು ಬಿಡುವ ನಮಗೆ ಗೊತ್ತಿರುವುದಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಸೀರೆಯೊಂದು ಹೊರಬೀಳುವ ಮುಂಚೆ ಎಷ್ಟು ಕೆಲಸ ಮಾಡುತ್ತಿತ್ತು ಎಂದು ನೋಡಿದರೆ ಹರಿವಿನ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಉಟ್ಟು ಸವೆದ ಇಲಕಲ್ಲ ಸೀರೆಯ ಗಟ್ಟಿ ಭಾಗ ಹುಡುಗಿಯ ಲಂಗ, ಮೆದು ಭಾಗ ಕೂಸಿನ ಜೋಳಿಗೆ, ಆಮೇಲೆ ಕೌದಿ. ನಾಲ್ಕೈದು ಪದರು ಹಾಸಿ, ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಬರುವ ಕಾಳುಹೊಲಿಗೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ನಾಲ್ಕು ಮೂಲೆಗೆ ಬಣ್ಣದ ಅರಿವೆಯನ್ನು ಮಡಿಸಿ ಮಡಿಸಿ ಕೂರಿಸುವ ಮುಕ್ಕೋನದ ‘ಫುಲ’ ಬೀಳುವ ತನಕ ಅವರಿಗೆ ಕೌದಿ ಮುಗಿದಂತಲ್ಲ. ಕೌದಿ ಹರಿದರೆ ಅದರ ಮೇಲೇ ಇನ್ನೊಂದು ಪದರು. ಕಡೆಗೆ ಮಸಿಅರಿವೆ. ಇದನ್ನು ಹಾಡಿ ಹೊಗಳಲು ನನಗೆ ಸಂಕೋಚ. ಹೊಸ ಕಂಬಳಿ ಕೊಳ್ಳಲು ಕಾಸಿಲ್ಲದವರು ಹೊಲಿದದ್ದು ಅದು. ಆದರೂ ಲೆಕ್ಕ ಲೆಕ್ಕವೇ: ಒಂದು ಸೀರೆಯ ನೀರು ಎರಡು ಮೂರು ದಶಕಕ್ಕೆ ಹಂಚಿಹೋಗುತ್ತಿತ್ತು.

ಕಾಸಿದ್ದವರೂ ಮಿತಿ ಹಾಕಿಕೊಂಡ ಒಂದು ಹಳೆಯ ಪದ್ಧತಿ ನಮ್ಮ ನಾಡಿನಲ್ಲಿದೆ. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳನ್ನು ಕಂಡವರಿಗೆ ಅವರ ಸಾಮಾನಿನ ಪಟ್ಟಿ ಗೊತ್ತು: ನವಿಲುಗರಿಯ ಪಿಂಛಿ, ಕಮಂಡಲು, ಓದುವ ಶಾಸ್ತ್ರ. ಮೂರೇ. ಊಟದ ತಟ್ಟೆ ಅಂಗೈ. ಕ್ಷೌರದ ಕತ್ತಿಯೂ ಇಲ್ಲ, ಕೂದಲನ್ನು ಕೈಯಿಂದಲೇ ಕೀಳುತ್ತಾರೆ. ಅದು ಎಲ್ಲರಿಂದ ಆಗುವ ಮಾತಲ್ಲ ಎಂದು ಜೈನ ಆಚಾರ್ಯರಿಗೂ ಗೊತ್ತಿತ್ತು. ಹಾಗಾಗಿ ಗೃಹಸ್ಥರಿಗೆ ಪರಿಗ್ರಹ ಪರಿಮಾಣ, ಅಂದರೆ ತನ್ನದೆಂದು ಇಟ್ಟುಕೊಳ್ಳುವುದಕ್ಕೆ ಮಿತಿ, ಎಂಬ ವ್ರತ ಇಟ್ಟರು. ಹೊಲ, ಮನೆ, ಬೆಳ್ಳಿ, ಚಿನ್ನ, ದನಕರು, ಧಾನ್ಯ, ಆಳುಹೆಣ್ಣು, ಆಳುಗಂಡು, ಬಟ್ಟೆ, ಪಾತ್ರೆ: ಹೊರಗಿನ ಪರಿಗ್ರಹ ಹತ್ತು. ಲ್ಯಾಂಡಿಯ ವಿಭಾಗಗಳೂ ಹತ್ತೇ, ಕಾಕತಾಳೀಯ. ಕೋಪ, ಮಾನ, ಮಾಯೆ, ಲೋಭದಂಥ ಒಳಗಿನ ಪರಿಗ್ರಹ ಇನ್ನೂ ಹದಿನಾಲ್ಕು. ಯಾವುದು ಎಷ್ಟು ಎಂದು ಶಾಸ್ತ್ರ ಹೇಳುವುದಿಲ್ಲ. ಗೃಹಸ್ಥ ತಾನೇ ಮೊದಲು ಸಂಖ್ಯೆ ಗೊತ್ತುಮಾಡಿಕೊಳ್ಳಬೇಕು, ಆಮೇಲೆ ಅದನ್ನು ಮೀರಬಾರದು. ಬಂದದ್ದನ್ನು ಬಿಸಾಡುವ ಪ್ರಶ್ನೆ ಅಲ್ಲಿಲ್ಲ, ಬಾರದಂತೆ ತಡೆಯುವುದೇ ವ್ರತ.

ಮನುಷ್ಯ ಎಲ್ಲಿ ನುಸುಳುತ್ತಾನೆ ಎಂಬುದನ್ನೂ ಅವರು ಬರೆದಿಟ್ಟಿದ್ದಾರೆ. 12ನೇ ಶತಮಾನದ ಗುಜರಾತಿನ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಈ ವ್ರತದ ಕಳ್ಳದಾರಿಗಳ ವಿಚಾರ ಎತ್ತುತ್ತಾರೆ. ಎರಡು ಹೊಲದ ನಡುವಿನ ಬದು ಕಿತ್ತು ಒಂದೇ ಹೊಲ ಎನ್ನುವುದು ಒಂದು. ಹಸುವಿನ ಹೊಟ್ಟೆಯಲ್ಲಿರುವ ಕರುವನ್ನು ಲೆಕ್ಕಕ್ಕೆ ಹಿಡಿಯದಿರುವುದು ಇನ್ನೊಂದು. ಹೆಚ್ಚಾದದ್ದನ್ನು ವ್ರತದ ಅವಧಿ ಮುಗಿಯುವ ತನಕ ಬೇರೆಯವರಲ್ಲಿ ಇಟ್ಟಿರುವುದು ಮತ್ತೊಂದು. ಈ ಕೊನೆಯ ಉಪಾಯಕ್ಕೆ ಅಮೆರಿಕದಲ್ಲಿ ಇವತ್ತು ದೊಡ್ಡ ಉದ್ಯಮವೇ ಇದೆ. ಮನೆಯಲ್ಲಿ ಹಿಡಿಸದ ಸಾಮಾನನ್ನು ತಿಂಗಳ ಬಾಡಿಗೆಗೆ ಇಟ್ಟುಕೊಳ್ಳುವ ಗೋದಾಮುಗಳು 50 ಸಾವಿರಕ್ಕೂ ಹೆಚ್ಚು, ವಿಸ್ತಾರ ಸುಮಾರು 200 ಕೋಟಿ ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ 30-40ರ ಸೈಟುಗಳು ಹದಿನಾರು ಲಕ್ಷಕ್ಕೂ ಮೇಲೆ, ಒಂದರಲ್ಲೂ ಯಾರೂ ವಾಸವಿಲ್ಲ.