ಪಶು ಸಖಿ: ಆಯ್ಕೆ, ಕರ್ತವ್ಯಗಳು ಮತ್ತು ಸೇವೆಯ ಮಿತಿಗಳು

ನಂಜನಗೂಡು ತಾಲ್ಲೂಕಿನ ಹೆಡತಲೆ ಹಾಗೂ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಗ್ರಾಮಗಳಲ್ಲಿ ಹೈನುಗಾರಿಕೆ ಮತ್ತು ಕುರಿ, ಮೇಕೆ ಸಾಕಣೆಯು ಬೇಸಾಯಕ್ಕೆ ಪೂರಕವಾದ ಕಸುಬಾಗಿದೆ. ಹೆಸರಾಂತ ಬನ್ನೂರು ಕುರಿ ತಳಿಯು ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರನ್ನೇ ಹೊಂದಿದೆ. ಜಾನುವಾರು ಪಾಲಕರ ಮನೆಬಾಗಿಲಿಗೆ ಪ್ರಾಥಮಿಕ ಮಾಹಿತಿ ಮತ್ತು ನೆರವನ್ನು ತಲುಪಿಸುವ ಸಲುವಾಗಿ, ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಡಿ ಸ್ವಸಹಾಯ ಗುಂಪುಗಳ ಮಹಿಳೆಯರಿಗೆ ತರಬೇತಿ ನೀಡಿ ‘ಪಶು ಸಖಿ’ಯರನ್ನಾಗಿ ನಿಯೋಜಿಸಲಾಗುತ್ತದೆ. ರಾಜ್ಯದಲ್ಲಿ ಈ ಅಭಿಯಾನವು ‘ಸಂಜೀವಿನಿ’ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ.

ಆಯ್ಕೆ ವಿಧಾನ

ಸ್ವಸಹಾಯ ಗುಂಪಿನ ಸದಸ್ಯರಾಗಿದ್ದು, ಓದು ಬರಹ ಬಲ್ಲ, ಜಾನುವಾರು ಸಾಕಣೆಯ ಅನುಭವವುಳ್ಳ ಸ್ಥಳೀಯ ಮಹಿಳೆಯರು ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟವನ್ನು ಸಂಪರ್ಕಿಸಬಹುದು. ಇದು ಸರ್ಕಾರಿ ಹುದ್ದೆಯಲ್ಲ. ಗೌರವಧನ ಆಧಾರಿತ ಸಮುದಾಯ ಸೇವೆಯಾಗಿರುತ್ತದೆ. ಅರ್ಹತೆ ಮತ್ತು ಗೌರವಧನದ ಷರತ್ತುಗಳನ್ನು ಆಯಾ ಆಯ್ಕೆಯ ಸಂದರ್ಭದಲ್ಲಿ ಒಕ್ಕೂಟದಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

ಕರ್ತವ್ಯಗಳು

1. ಕೊಟ್ಟಿಗೆಯ ಸ್ವಚ್ಛತೆ, ಸಮತೋಲನ ಆಹಾರ, ಮೇವಿನ ಬೆಳೆ ಹಾಗೂ ಕರುಗಳ ಪಾಲನೆಯ ಬಗ್ಗೆ ತಿಳಿವಳಿಕೆ ನೀಡುವುದು.
2. ಲಸಿಕಾ ಶಿಬಿರದ ದಿನಾಂಕವನ್ನು ಮುಂಚಿತವಾಗಿ ತಿಳಿಸುವುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ವಿರುದ್ಧ 6 ತಿಂಗಳಿಗೊಮ್ಮೆಯೂ, ಕಂದು ರೋಗದ ವಿರುದ್ಧ 4ರಿಂದ 8 ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಒಮ್ಮೆಯೂ ಉಚಿತವಾಗಿ ಲಸಿಕೆ ಹಾಕಲಾಗುತ್ತದೆ.
3. 12 ಅಂಕಿಗಳ ಕಿವಿಯೋಲೆ ಹಾಕಿಸಿಕೊಳ್ಳಲು ಪಾಲಕರನ್ನು ಪ್ರೇರೇಪಿಸುವುದು.
4. ಕಾಯಿಲೆ ಕಂಡುಬಂದಲ್ಲಿ ಆ ಪ್ರಾಣಿಯನ್ನು ಬೇರೆ ಕಟ್ಟಿಸಿ, ಪಶುವೈದ್ಯರಿಗೆ ಕೂಡಲೇ ವಿಷಯ ಮುಟ್ಟಿಸುವುದು.

ಸೇವೆಯ ಮಿತಿಗಳು

ಪಶು ಸಖಿಯು ಪಶುವೈದ್ಯರಲ್ಲ. ಭಾರತೀಯ ಪಶುವೈದ್ಯಕೀಯ ಪರಿಷತ್ ಅಧಿನಿಯಮ, 1984ರ 30ನೇ ಪ್ರಕರಣದ ಪ್ರಕಾರ ಪಶುವೈದ್ಯಕೀಯ ವೃತ್ತಿಯನ್ನು ನೋಂದಾಯಿತ ವೈದ್ಯರೇ ನಡೆಸಬೇಕು. ರಾಜ್ಯ ಸರ್ಕಾರವು ಅನುಮತಿಸಿದ ಕಿರು ಸೇವೆಗಳನ್ನು ಸಹ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿಯೇ ನೀಡತಕ್ಕದ್ದು. ಆದುದರಿಂದ ಪಾಲಕರು ಎಷ್ಟೇ ಒತ್ತಾಯಿಸಿದರೂ ಪಶು ಸಖಿಯು ತಾನಾಗಿ ಚುಚ್ಚುಮದ್ದು ನೀಡುವುದಾಗಲಿ, ಹೆರಿಗೆಯಲ್ಲಿ ಸಿಲುಕಿದ ಕರುವನ್ನು ಎಳೆಯುವುದಾಗಲಿ ಮಾಡಬಾರದು. ನಾಲಿಗೆಯನ್ನು ಹಿಡಿದೆಳೆದು ಗೊಟ್ಟದಲ್ಲಿ ಔಷಧಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು.

ಸ್ವಯಂ ರಕ್ಷಣೆ

ಜಾನುವಾರುಗಳ ಕೆಲವು ರೋಗಗಳು ಮನುಷ್ಯರಿಗೂ ಹರಡುತ್ತವೆ. ಹಸು ಕಂದು ಹಾಕಿದಲ್ಲಿ ಕಂದು, ಮಾಸ ಮತ್ತು ಸ್ರಾವವನ್ನು ಬರಿಗೈಯಲ್ಲಿ ಮುಟ್ಟಬಾರದು. ಕಂದು ಮತ್ತು ಮಾಸವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸಿಯೇ ಕುಡಿಯಬೇಕು. ಜೊಲ್ಲು ಸುರಿಸುತ್ತಾ ನುಂಗಲಾಗದೆ ಒದ್ದಾಡುವ ಹಸುವನ್ನು ಕಂಡಾಗ, ಗಂಟಲಿನಲ್ಲಿ ಏನೋ ಸಿಕ್ಕಿರಬಹುದೆಂದು ಬಾಯೊಳಗೆ ಕೈ ಹಾಕುವುದು ವಾಡಿಕೆ. ಇದು ಹುಚ್ಚುನಾಯಿ ರೋಗದ ಲಕ್ಷಣವೂ ಆಗಿರಬಹುದಾದ್ದರಿಂದ ಹಾಗೆ ಮಾಡಬಾರದು. ಈಗಾಗಲೇ ಕೈ ಹಾಕಿದ್ದಲ್ಲಿ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತೆರಳಿ ವೈದ್ಯರ ಸಲಹೆ ಪಡೆಯಬೇಕು. ಹಠಾತ್ತನೆ ಸತ್ತು, ಮೂಗು ಅಥವಾ ಗುದದ್ವಾರದಿಂದ ರಕ್ತ ಸೋರುತ್ತಿರುವ ಜಾನುವಾರಿನ ಕಳೇಬರವನ್ನು ನೆರಡಿ ರೋಗದ ಶಂಕೆಯಿಂದಾಗಿ ಕೊಯ್ಯಬಾರದು, ಚರ್ಮ ಸುಲಿಯಬಾರದು.

ಸಾರ್ವಜನಿಕರ ಗಮನಕ್ಕೆ

ಜಾನುವಾರುಗಳ ತುರ್ತು ಚಿಕಿತ್ಸೆಗಾಗಿ ಸಮೀಪದ ಪಶುವೈದ್ಯಕೀಯ ಸಂಸ್ಥೆಯನ್ನು ಅಥವಾ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ದೂರವಾಣಿ ಸಂಖ್ಯೆ 1962 ಅನ್ನು ಸಂಪರ್ಕಿಸಬಹುದು. ಕರೆ ಮಾಡುವಾಗ ಗ್ರಾಮದ ಹೆಸರು, ಕಿವಿಯೋಲೆ ಸಂಖ್ಯೆ, ಮೇವು ಬಿಟ್ಟ ಸಮಯ ಮತ್ತು ಕಂಡ ಲಕ್ಷಣಗಳನ್ನು ತಿಳಿಸುವುದು. ಪಶು ಸಖಿಯು “ಇದು ನನ್ನ ಕೆಲಸವಲ್ಲ, ಡಾಕ್ಟರನ್ನು ಕರೆಯಿರಿ” ಎಂದು ಹೇಳಿದಲ್ಲಿ ಅದನ್ನು ನಿರ್ಲಕ್ಷ್ಯವೆಂದು ಭಾವಿಸದೆ, ಆಕೆಯ ಕರ್ತವ್ಯದ ಭಾಗವೆಂದೇ ತಿಳಿದು ಸಹಕರಿಸಲು ಕೋರಲಾಗಿದೆ.