ಬ್ರಿಜೆಟ್: ಒಂದು ಐರಿಶ್ ಹೆಸರಿನ ಬೇರು

ಬ್ರಿಜೆಟ್ ಎಂಬುದು ಐರಿಶ್ ಮೂಲದ ಹೆಣ್ಣುಹೆಸರು. ಹಳೆಯ ಐರಿಶ್‌ನಲ್ಲಿ ಅದು ‘ಬ್ರಿಗಿಟ್’ ಎಂದಿತ್ತು. ‘ಉನ್ನತಳು’ ಎಂಬುದು ಅದರ ಅರ್ಥ. ಎತ್ತರವನ್ನು ಸೂಚಿಸುವ ಈ ಕೆಲ್ಟಿಕ್ ಧಾತುವೂ ಸಂಸ್ಕೃತದ ‘ಬೃಹತ್’ ಶಬ್ದವೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಕವಲೊಡೆದವು. ಸ್ತ್ರೀಲಿಂಗದ ‘ಬೃಹತೀ’ಯಂತೂ ಬ್ರಿಗಿಟ್‌ಗೆ ಒಡಹುಟ್ಟಿದಷ್ಟು ಹತ್ತಿರ. ಬೃಹತ್ ಗ್ರಂಥ, ಬೃಹತ್ ಕೈಗಾರಿಕೆ ಎಂದು ಕನ್ನಡಿಗರು ದಿನವೂ ಆಡುವ ಮಾತಿನಲ್ಲಿ ದೂರದ ಐರ್ಲೆಂಡಿನ ಹೆಣ್ಣುಮಗಳ ಹೆಸರಿನ ಬೇರು ಅಡಗಿರುವುದು ಸಣ್ಣ ಸೋಜಿಗವಲ್ಲ.

ಕ್ರಿ.ಶ. 900ರ ಸುಮಾರಿನ ‘ಕಾರ್ಮಾಕನ ನಿಘಂಟು’ ಬ್ರಿಗಿಟ್‌ಳನ್ನು ಕವಿಗಳು ಆರಾಧಿಸಿದ ದೇವತೆಯೆಂದೂ ದಗ್ದ ಎಂಬ ದೇವನ ಮಗಳೆಂದೂ ಹೇಳುತ್ತದೆ. ಅವಳ ಇಬ್ಬರು ಸೋದರಿಯರ ಹೆಸರೂ ಬ್ರಿಗಿಟ್. ಒಬ್ಬಳು ವೈದ್ಯದ ದೇವತೆ, ಇನ್ನೊಬ್ಬಳು ಕಮ್ಮಾರಿಕೆಯ ದೇವತೆ. ಇದೇ ಹೆಸರಿನ ಕ್ರೈಸ್ತ ಸಂತಳು 5-6ನೆಯ ಶತಮಾನದಲ್ಲಿ ಕಿಲ್ಡೇರ್‌ನಲ್ಲಿ ಮಠ ಕಟ್ಟಿದಳೆಂಬುದು ಸಂಪ್ರದಾಯ. ಕಿಲ್ಡೇರ್ ಎಂದರೆ ‘ಓಕ್ ಮರದ ಚರ್ಚು’. ಅಲ್ಲಿ ಸನ್ಯಾಸಿನಿಯರು ಸರದಿಯಂತೆ ಕಾಯುತ್ತಿದ್ದ ಆರದ ಬೆಂಕಿಯನ್ನು 12ನೆಯ ಶತಮಾನದ ಬರಹಗಾರ ವೇಲ್ಸ್‌ನ ಜೆರಾಲ್ಡ್ ವರ್ಣಿಸಿದ್ದಾನೆ. ಸಂತಳ ಹಬ್ಬ ಫೆಬ್ರವರಿ 1. ವಸಂತಾರಂಭದ ಪುರಾತನ ಹಬ್ಬ ‘ಇಂಬೋಲ್ಕ್’ ಕೂಡ ಅಂದೇ. ದೇವತೆಯ ಕಥೆ ಎಲ್ಲಿ ಮುಗಿದು ಸಂತಳ ಕಥೆ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯುವುದು ಕಷ್ಟ.

ಈ ಹೆಸರಿನ ಮೇಲಿನ ಭಕ್ತಿ ಎಷ್ಟಿತ್ತೆಂದರೆ, ಮಧ್ಯಯುಗದಲ್ಲಿ ಗಂಡಸರೂ ‘ಮೇಲ್ ಬ್ರಿಗ್ಟೆ’ ಎಂದು ಹೆಸರಿಟ್ಟುಕೊಳ್ಳುತ್ತಿದ್ದರು. ‘ಬ್ರಿಗಿಟ್‌ಗೆ ಮುಡಿ ಕೊಟ್ಟವನು’, ಅಂದರೆ ಅವಳ ಭಕ್ತ ಎಂದರ್ಥ. ಕಾಲ ಸರಿದಂತೆ ಐರಿಶ್ ಉಚ್ಚಾರದಲ್ಲಿ ನಡುವಿನ ‘ಗ’ಕಾರ ಸವೆದು ‘ಬ್ರೀಡ್’ ಉಳಿಯಿತು. ಲ್ಯಾಟಿನ್, ಫ್ರೆಂಚ್ ಹಾದು ಬಂದ ರೂಪ ಇಂಗ್ಲಿಷಿನಲ್ಲಿ ಬ್ರಿಜೆಟ್ ಆಯಿತು. ಸ್ವೀಡನ್ನಿನಲ್ಲಿ ಅದೇ ಬಿರ್ಗಿಟ್ಟಾ.

19ನೆಯ ಶತಮಾನದಲ್ಲಿ, ವಿಶೇಷವಾಗಿ 1845ರಲ್ಲಿ ಶುರುವಾದ ಮಹಾಕ್ಷಾಮದ ನಂತರ, ಅಸಂಖ್ಯ ಐರಿಶ್ ಹೆಣ್ಣುಮಕ್ಕಳು ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋಗಿ ಮನೆಗೆಲಸಕ್ಕೆ ಸೇರಿದರು. ಅವರಲ್ಲಿ ಬ್ರಿಜೆಟ್‌ಗಳು ಎಷ್ಟಿದ್ದರೆಂದರೆ, ಆ ಹೆಸರೂ ಅದರ ಮೊಟಕು ರೂಪ ‘ಬಿಡ್ಡಿ’ಯೂ ಕೆಲಸದಾಕೆ ಎಂಬುದಕ್ಕೇ ಪರ್ಯಾಯವಾದವು. ‘ಉನ್ನತಳು’ ಎಂಬ ಹೆಸರನ್ನು ಮೂದಲಿಕೆಗೆ ಬಳಸಿದ್ದು ದೊಡ್ಡ ಅನ್ಯಾಯ. ದುಡಿದು ತವರಿಗೆ ಹಣ ಕಳಿಸಿ ಸಂಸಾರಗಳನ್ನು ಉಳಿಸಿದವರು ಅವರೇ.

2023ರಿಂದ ಐರ್ಲೆಂಡಿನಲ್ಲಿ ಸಂತ ಬ್ರಿಜೆಟ್‌ಳ ಹೆಸರಿನಲ್ಲಿ ಸಾರ್ವಜನಿಕ ರಜೆ ಇದೆ. ಆ ದೇಶದಲ್ಲಿ ಮಹಿಳೆಯೊಬ್ಬಳ ಹೆಸರು ಹೊತ್ತ ಮೊದಲ ರಜೆ ಅದು.